ಎಂಟು ಹಾಡು, ಎರಡು ಗಿಟಾರ್, ಒಂದು ಪುಶ್‌ಪುಲ್ ರೈಲು: ನನ್ನ ಅನುಭವ

ನಮ್ಮ ಇಂಡೀ ಗಿಟಾರ್ ಪಾಪ್ ಆಲ್ಬಂ ಕೇಳಿದವರು ಮೊದಲು ಹೇಳುವ ಮಾತು ಒಂದೇ. ‘ಎಷ್ಟು ಖುಷಿಖುಷಿಯಾಗಿದೆ ಕಣೋ!’ ನಾನು ಸುಮ್ನೆ ನಗುತ್ತೇನೆ. ಇರುವುದು ಎಂಟು ಹಾಡು, ಅದರಲ್ಲಿ ಐದರ ಸಾಹಿತ್ಯದಲ್ಲಿ ಖುಷಿ ಪಡುವಂಥದ್ದು ಏನೂ ಇಲ್ಲ. ಒಂದರಲ್ಲಿ ರೈಲಿನಲ್ಲಿ ಸೀಟು ಸಿಗುವುದಿಲ್ಲ, ಒಂದರಲ್ಲಿ ಬಾಡಿಗೆ ಮನೆ ಖಾಲಿ ಮಾಡುತ್ತಾರೆ, ಒಂದರಲ್ಲಿ ಇಬ್ಬರು ಗೆಳೆಯರು ಮಾತು ಬಿಟ್ಟು ಎರಡು ವರ್ಷ ಆಗಿದೆ. ಆದರೂ ಕೇಳಿದವರ ಕಾಲು ಕುಣಿಯುತ್ತದೆ. ಅದು ತಾನಾಗಿ ಆದದ್ದಲ್ಲ. ಮೈಸೂರಿನ ಒಂದು ಮಹಡಿ ಮನೆಯ ರೂಮಿನಲ್ಲಿ ಹದಿನಾಲ್ಕು ತಿಂಗಳು, ಭಾನುವಾರ ಭಾನುವಾರ ಕೂತು, ತಪ್ಪು ಮಾಡಿ ಮಾಡಿ ಕಲಿತದ್ದು.

ನಾವು ಮೂವರು. ಗಿಟಾರ್, ಹಾಡು ನನ್ನದು. ಬಾಸ್ ನುಡಿಸುವವನು ಮಂಡ್ಯದವನು, ಬೆಂಗಳೂರಿನಲ್ಲಿ ಕೆಲಸ, ವಾರದಲ್ಲಿ ಐದು ದಿನ ರೈಲಿನಲ್ಲೇ ಅರ್ಧ ಜೀವನ. ಡ್ರಮ್ಸ್‌ನವನಿಗೆ ಮದುವೆ ಆರ್ಕೆಸ್ಟ್ರಾಗಳೇ ಹೊಟ್ಟೆಪಾಡು. ಲಗ್ನದ ಕಾಲದಲ್ಲಿ ಅವನು ಫೋನೂ ಎತ್ತುವುದಿಲ್ಲ. ಆಷಾಢ ಬಂದರೆ ಮಾತ್ರ ಕೈಗೆ ಸಿಗುತ್ತಾನೆ. ಹಾಗಾಗಿ ನಮ್ಮ ಆಲ್ಬಂನ ಡ್ರಮ್ಸ್ ಪೂರ್ತಿ ಆಷಾಢದ್ದು.

ಇಂಡೀ ಗಿಟಾರ್ ಪಾಪ್ ಅಂದರೆ ಏನು ಅಂತ ಕೇಳುವವರಿಗೆ ನಾನು ಒಂದೇ ಸಾಲಿನಲ್ಲಿ ಹೇಳುತ್ತೇನೆ: ಗಿಟಾರ್ ಮಿಣಮಿಣ ಅನ್ನಬೇಕು, ಗುರ್ ಅನ್ನಬಾರದು. ರಾಕ್‌ನಲ್ಲಿ ಗಿಟಾರಿನ ಸದ್ದನ್ನು ಒಡೆದು ದಪ್ಪ ಮಾಡುತ್ತಾರೆ. ಇಲ್ಲಿ ಅದು ಸ್ವಚ್ಛವಾಗಿರುತ್ತದೆ, ತೆಳ್ಳಗಿರುತ್ತದೆ, ಒಂದೊಂದು ತಂತಿಯೂ ಬೇರೆ ಬೇರೆ ಕೇಳಿಸುತ್ತದೆ. ಹಾಡು ಮೂರು ನಿಮಿಷಕ್ಕೆ ಮುಗಿಯುತ್ತದೆ. ಸೋಲೋ ಇದ್ದರೂ ನಾಲ್ಕು ಸಾಲು ಅಷ್ಟೇ, ಅದನ್ನೂ ಗುನುಗುವ ಹಾಗಿರಬೇಕು.

ನನ್ನನ್ನು ಈ ದಾರಿಗೆ ಎಳೆದದ್ದು ನ್ಯೂಜಿಲೆಂಡಿನ ದಕ್ಷಿಣದ ಡನೀಡಿನ್ ಅನ್ನುವ ಊರು. ಚಳಿಯ ಯೂನಿವರ್ಸಿಟಿ ಊರು, ದೊಡ್ಡ ಸ್ಟುಡಿಯೋಗಳಿಂದ ದೂರ. 1981ರಲ್ಲಿ ಅಲ್ಲಿಯ ‘ದಿ ಕ್ಲೀನ್’ ತಂಡದವರು ತಮ್ಮ ಮೊದಲ ಸಿಂಗಲ್ (ಬಿಡಿ ಹಾಡಿನ ರೆಕಾರ್ಡ್) ಅನ್ನು ಬರೀ 60 ಡಾಲರ್ ಖರ್ಚಿನಲ್ಲಿ ರೆಕಾರ್ಡ್ ಮಾಡಿದರು. ಅದು ಆ ದೇಶದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 19ನೇ ಸ್ಥಾನಕ್ಕೆ ಹೋಯಿತು. ಅದೇ ವರ್ಷ ಕ್ರೈಸ್ಟ್‌ಚರ್ಚ್‌ನಲ್ಲಿ ಶುರುವಾಗಿದ್ದ ‘ಫ್ಲೈಯಿಂಗ್ ನನ್’ ಅನ್ನುವ ಪುಟ್ಟ ರೆಕಾರ್ಡ್ ಕಂಪನಿಗೆ ಅದರಿಂದಲೇ ಕಾಲೂರಲು ಜಾಗ ಸಿಕ್ಕಿತು. ತಮಾಷೆ ಅಂದರೆ ಗಿಟಾರ್ ತಂಡ ಅಂತ ಹೆಸರಾದವರ ಆ ಹಾಡಿನಲ್ಲಿ ತಲೆಯಲ್ಲಿ ಉಳಿಯುವುದು ಆರ್ಗನ್! ಆಮೇಲಿನ ರೆಕಾರ್ಡನ್ನು ನಾಲ್ಕೇ ಟ್ರ್ಯಾಕಿನ, ಅಂದರೆ ನಾಲ್ಕೇ ಸದ್ದಿನ ಪದರದ, ಟೇಪ್ ಮಷಿನ್ನಿನಲ್ಲಿ ಮುಗಿಸಿದರು. ನಾನು ಇದನ್ನು ಓದಿದ ರಾತ್ರಿ ನನ್ನ ಲ್ಯಾಪ್‌ಟಾಪ್ ತೆಗೆದು ನೋಡಿದೆ. ನಮ್ಮ ಮೊದಲ ಹಾಡಿಗೆ ಮೂವತ್ತನಾಲ್ಕು ಟ್ರ್ಯಾಕ್ ತುಂಬಿಸಿದ್ದೆ. ಕೇಳಿದರೆ ಗಂಜಿ. ಮಾರನೇ ದಿನ ಹನ್ನೆರಡಕ್ಕಿಂತ ಜಾಸ್ತಿ ಟ್ರ್ಯಾಕ್ ಬೇಡ ಅಂತ ಮೂವರೂ ಒಪ್ಪಿಕೊಂಡೆವು. ನಾವು ರೆಕಾರ್ಡ್ ಮಾಡಿದ್ದು ರೀಪರ್ ಅನ್ನುವ ಸಾಫ್ಟ್‌ವೇರಿನಲ್ಲಿ, ಅದರ ಕಡಿಮೆ ದರದ ಲೈಸೆನ್ಸೂ 60 ಡಾಲರೇ. ಅವರದು ನ್ಯೂಜಿಲೆಂಡ್ ಡಾಲರ್, ನಮ್ಮದು ಅಮೆರಿಕದ್ದು, ಮಧ್ಯೆ ನಲವತ್ತು ವರ್ಷ, ಲೆಕ್ಕ ಒಂದೇ ಅಲ್ಲ ಬಿಡಿ. ಆದರೂ ಯಾಕೋ ಸಮಾಧಾನ ಆಯಿತು.

ಇನ್ನೊಂದು ಪಾಠ ಸ್ಕಾಟ್ಲೆಂಡಿನದು. ಗ್ಲಾಸ್ಗೋದ ಒಂದು ಫ್ಲ್ಯಾಟಿನಿಂದ ನಡೆಯುತ್ತಿದ್ದ ‘ಪೋಸ್ಟ್‌ಕಾರ್ಡ್’ ಕಂಪನಿಯಲ್ಲಿ 1980ರ ಹೊತ್ತಿಗೆ ‘ಆರೆಂಜ್ ಜ್ಯೂಸ್’ ತಂಡದವರು ಮಾಡುತ್ತಿದ್ದದ್ದು ಒಂದು ವಿಚಿತ್ರ ಬೆರಕೆ. ಒಂದು ಕಡೆ ನ್ಯೂಯಾರ್ಕಿನ ಕತ್ತಲೆ ಕೋಣೆಯ ಗಿಟಾರ್, ಇನ್ನೊಂದು ಕಡೆ ‘ಶೀಕ್’ ತಂಡದ ಡಿಸ್ಕೋ ಗಿಟಾರ್. ಶೀಕ್‌ನ ನೈಲ್ ರಾಜರ್ಸ್ ಕೈ ನೋಡಿದರೆ ಬಲಗೈ ಒಂದು ಕ್ಷಣವೂ ನಿಲ್ಲುವುದಿಲ್ಲ. ಮೇಲೆ ಕೆಳಗೆ ಮೇಲೆ ಕೆಳಗೆ, ಮಷಿನ್ ಥರ. ಸದ್ದು ಬರುವುದು ಬಿಡುವುದು ಎಡಗೈಯ ಕೆಲಸ: ಬೆರಳು ಒತ್ತಿದರೆ ಸ್ವರ, ಸ್ವಲ್ಪ ಸಡಿಲ ಬಿಟ್ಟರೆ ‘ಚಿಕ್’ ಅನ್ನುವ ಒಣ ಸದ್ದು. ಮ್ಯಾಂಚೆಸ್ಟರಿನ ‘ಸ್ಮಿತ್ಸ್’ ತಂಡದ ಜಾನಿ ಮಾರ್ ಕೂಡ ನೈಲ್ ರಾಜರ್ಸ್‌ನ ದೊಡ್ಡ ಭಕ್ತ, ಮಗನಿಗೆ ನೈಲ್ ಅಂತಲೇ ಹೆಸರಿಟ್ಟಿದ್ದಾನೆ. ಆ ತಂಡದ ಹಾಡುಗಳಲ್ಲಿ ಗಿಟಾರ್ ನಗುತ್ತಿರುತ್ತದೆ, ಹಾಡುವವನು ನಿಟ್ಟುಸಿರು ಬಿಡುತ್ತಿರುತ್ತಾನೆ. ನನಗೆ ಬೇಕಿದ್ದದ್ದು ಅದೇ.

ಬಲಗೈ ಸರಿಯಾಗಲು ನನಗೆ ನಾಲ್ಕು ತಿಂಗಳು ಬೇಕಾಯಿತು. ಉತ್ಪ್ರೇಕ್ಷೆ ಅಲ್ಲ. ಕಾಲೇಜಿನಲ್ಲಿ ಕ್ಯಾಂಪ್‌ಫೈರ್ ಮುಂದೆ ಕೂತು ಬಾರಿಸುತ್ತಿದ್ದ ಕೈ ಅದು, ದಪ್ಪ ಪಿಕ್ (ತಂತಿ ಮೀಟುವ ಪುಟ್ಟ ಬಿಲ್ಲೆ) ಹಿಡಿದು ಆರೂ ತಂತಿಗೆ ಒಂದೇ ಸಲ ಬೀಳುತ್ತಿತ್ತು. ಮೊದಲು ಪಿಕ್ ಬದಲಾಯಿಸಿದೆ, ಅರ್ಧ ಮಿಲಿಮೀಟರಿನ ತೆಳು ಪಿಕ್. ಬಾರಿಸುವ ಜಾಗ ಬದಲಾಯಿಸಿದೆ, ಗಿಟಾರಿನ ಬ್ರಿಡ್ಜ್, ಅಂದರೆ ತಂತಿಗಳ ಬುಡ ಕೂರುವ ಪಟ್ಟಿಯ ಹತ್ತಿರಕ್ಕೆ ಹೋದಷ್ಟೂ ಸದ್ದು ಚುರುಕು. ಆಮೇಲೆ ಮಣಿಕಟ್ಟು. ತೋಳು ಆಡಬಾರದು, ಮಣಿಕಟ್ಟು ಮಾತ್ರ ಆಡಬೇಕು, ಕೈಗೆ ಮೆತ್ತಿಕೊಂಡ ನೀರು ಕೊಡವುತ್ತೇವಲ್ಲ ಹಾಗೆ. ದಿನಾ ರಾತ್ರಿ ಮೆಟ್ರೊನೋಮ್ (ತಾಳ ಎಣಿಸುವ ಯಂತ್ರ) ಹಾಕಿಕೊಂಡು ನಿಮಿಷಕ್ಕೆ 120 ಬೀಟಿನಿಂದ ಶುರು ಮಾಡಿ ವಾರಕ್ಕೆ ನಾಲ್ಕು ನಾಲ್ಕು ಏರಿಸುತ್ತಾ ಹೋದೆ. 156ಕ್ಕೆ ಬಂದಾಗ ಮೊದಲ ಸಲ ಅನ್ನಿಸಿತು, ಹಾಂ, ಈಗ ಗಿಟಾರ್ ಓಡುತ್ತಿದೆ, ನಾನು ಅದನ್ನು ತಳ್ಳುತ್ತಿಲ್ಲ ಅಂತ.

ಎಡಗೈಗೆ ಒಂದು ಉಪಾಯ ಇದೆ, ಗಿಟಾರ್ ಕಲಿಯುತ್ತಿರುವವರು ಈಗಲೇ ಮಾಡಿ ನೋಡಿ. ಉಂಗುರ ಬೆರಳು, ಕಿರುಬೆರಳು ಎರಡನ್ನೂ ಮೂರನೇ ಫ್ರೆಟ್‌ನಲ್ಲಿ (ಗಿಟಾರಿನ ಕುತ್ತಿಗೆಯ ಅಡ್ಡಪಟ್ಟಿಗಳ ಮನೆ) ಕೆಳಗಿನ ಎರಡು ತೆಳು ತಂತಿಗಳ ಮೇಲೆ ಇಟ್ಟುಬಿಡಿ. ಇನ್ನು ಅವು ಅಲ್ಲಿಂದ ಅಲ್ಲಾಡಬಾರದು. ಉಳಿದ ಎರಡು ಬೆರಳು ಮಾತ್ರ ಆಡಿಸಿ ಜಿ, ಸಿ, ಇ ಮೈನರ್ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಎಲ್ಲ ಹಿಡಿಯಿರಿ. ಕಾರ್ಡ್ ಬದಲಾಗುತ್ತಾ ಹೋಗುತ್ತದೆ, ಆದರೆ ಆ ಎರಡು ತಂತಿಗಳ ಸ್ವರ ಮಾತ್ರ ಶ್ರುತಿಪೆಟ್ಟಿಗೆ ಥರ ಮೊಳಗುತ್ತಲೇ ಇರುತ್ತದೆ. ಈ ಜಾತಿಯ ಹಾಡುಗಳ ಮಿಣಮಿಣದ ಗುಟ್ಟಿನಲ್ಲಿ ಮುಕ್ಕಾಲು ಪಾಲು ಇದೇ. ಕಾರ್ಡ್ ಪೂರ್ತಿ ಬದಲಾಗುವುದಿಲ್ಲ, ಏನೋ ಒಂದು ಎಳೆ ಹಿಡಿದುಕೊಂಡೇ ಇರುತ್ತದೆ. ಕೇಪೋ (ಶ್ರುತಿ ಏರಿಸಲು ತಂತಿಗಳ ಮೇಲೆ ಹಾಕುವ ಕ್ಲಿಪ್) ಎರಡನೇ ಫ್ರೆಟ್ಟಿಗೆ ಹಾಕಿದರೆ ನನ್ನ ಗಂಟಲಿಗೂ ಹೊಂದುತ್ತದೆ.

ಇಷ್ಟೆಲ್ಲ ಆದಮೇಲೆ ಗೋಡೆ ಎದುರಾದದ್ದು ಕನ್ನಡದ್ದು. ಕನ್ನಡದ್ದು ಅಂದರೆ ತಪ್ಪಾಗುತ್ತದೆ, ನನ್ನ ಕನ್ನಡ ಹಾಡುಗಾರಿಕೆಯದ್ದು. ನಾನು ಚಿಕ್ಕವನಿದ್ದಾಗ ಆರು ವರ್ಷ ಸುಗಮ ಸಂಗೀತ ಕಲಿತವನು. ಅಲ್ಲಿ ಪದದ ಕೊನೆಯ ಸ್ವರವನ್ನು ಹಿಡಿದು ಎಳೆಯುವುದೇ ಸೊಗಸು, ಅಲ್ವಾ? ನಮ್ಮ ಪದಗಳೋ, ಮುಕ್ಕಾಲು ಸ್ವರದಲ್ಲೇ ಮುಗಿಯುತ್ತವೆ. ಎಳೆಯಲು ಎಷ್ಟು ಬೇಕೋ ಅಷ್ಟು ಜಾಗ. ನಾನು 156ರ ಓಟದ ಮೇಲೆ ‘ಹೋಗುವೆನೂಊಊ’ ಅಂತ ಎಳೆದೆ. ಬಾಸ್‌ನವನು ನುಡಿಸುವುದು ನಿಲ್ಲಿಸಿ ಹೇಳಿದ, ‘ಮಗಾ, ಕೆಳಗಡೆ ರೈಲು ಓಡ್ತಾ ಇದೆ, ನೀನು ಪ್ಲಾಟ್‌ಫಾರ್ಮ್ ಮೇಲೆ ನಿಂತ್ಕೊಂಡು ಭಾವಗೀತೆ ಹಾಡ್ತಾ ಇದೀಯ.’

ಅವನು ಹೇಳಿದ್ದು ನಿಜ. ‘ಹೋಗುವೆನು’ ಅನ್ನುವುದನ್ನು ‘ಹೋಗ್ತೀನಿ’ ಮಾಡಿದೆ. ಲೆಕ್ಕ ಹಾಕಿ ನೋಡಿ, ಎರಡಕ್ಕೂ ಐದೈದು ಮಾತ್ರೆಯೇ. ಆದರೆ ಅಕ್ಷರ ನಾಲ್ಕರಿಂದ ಮೂರಕ್ಕೆ ಇಳಿಯಿತು, ಮಧ್ಯದಲ್ಲಿ ಒಂದು ಗಟ್ಟಿ ಒತ್ತು ಬಂತು. ಆಡುಮಾತಿನ ಕನ್ನಡ ಮಾಡುವುದೇ ಇದನ್ನು. ‘ನಿಂತುಕೊಂಡು’ ಅನ್ನುವುದು ‘ನಿತ್ಕೊಂಡು’ ಆಗುತ್ತದೆ, ‘ಮಾಡಿಕೊಂಡು’ ಅನ್ನುವುದು ‘ಮಾಡ್ಕೊಂಡು’. ಸ್ವರ ಉದುರಿ ಹೋಗಿ ವ್ಯಂಜನಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ಆ ಡಿಕ್ಕಿಯೇ ನನಗೆ ಡ್ರಮ್ಸ್. ಒತ್ತಕ್ಷರ ಬಿದ್ದಲ್ಲೆಲ್ಲ ನಾಲಿಗೆ ಒಂದು ಕ್ಷಣ ತಡೆದು ಬಿಡುತ್ತದಲ್ಲ, ಅದು ಎಡಗೈ ಸಡಿಲಿಸಿದಾಗ ಬರುವ ‘ಚಿಕ್’ ಸದ್ದಿನ ಅಣ್ಣ.

ರೈಲಿನ ಹಾಡು ಹುಟ್ಟಿದ್ದು ಹೀಗೆ. ಮೈಸೂರು–ಬೆಂಗಳೂರು ಮಧ್ಯೆ ದಿನಾ ಓಡಾಡುವವರಿಗೆ ಗೊತ್ತಿರುತ್ತದೆ, ಹಳಬರು ಈಗಲೂ ಪುಶ್‌ಪುಲ್ ಅಂತಲೇ ಕರೆಯುವ ರೈಲು. ಬಾಸ್‌ನವನ ಬದುಕೇ ಅದು. ಒಂದು ಭಾನುವಾರ ಟೀ ಕುಡಿಯುತ್ತಾ ಅವನು ಸ್ಟೇಷನ್ ಹೆಸರು ಸುಮ್ನೆ ಒಂದರ ಹಿಂದೆ ಒಂದು ಹೇಳುತ್ತಾ ಹೋದ. ನಾನು ಗಿಟಾರ್ ಹಿಡಿದುಕೊಂಡೇ ಇದ್ದೆ. ‘ಮಂಡ್ಯ ಮದ್ದೂರು’ ಅನ್ನುವಷ್ಟರಲ್ಲಿ ಕೈ ತಾನಾಗಿ ತಾಳ ಹಿಡಿಯಿತು. ಯಾಕೆ ಅಂತ ಆಮೇಲೆ ಕಾಗದದ ಮೇಲೆ ಬರೆದು, ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು ಕಲಿಸಿದ ಹಾಗೆ ಪ್ರಸ್ತಾರ ಹಾಕಿದೆ. ಮಂಡ್ಯ: ಗುರು, ಲಘು, ಮೂರು ಮಾತ್ರೆ. ಮದ್ದೂರು: ಗುರು, ಗುರು, ಲಘು, ಐದು ಮಾತ್ರೆ. ಒಟ್ಟು ಎಂಟು! ನಾಲ್ಕು ಬೀಟಿನ ಒಂದು ಆವರ್ತವನ್ನು ಅರ್ಧರ್ಧ ಮಾಡಿದರೆ ಸಿಗುವುದೂ ಎಂಟೇ. ಊರಿನ ಹೆಸರುಗಳು ಒಂದು ಮಾತ್ರೆ ಆಚೆ ಈಚೆ ಆಗದೆ ಕೂತುಬಿಟ್ಟವು.

ಅದಕ್ಕಿಂತ ಮಜಾ ಮುಂದಿನ ಎರಡು. ಚನ್ನಪಟ್ಟಣವನ್ನು ಯಾರೂ ಚನ್ನಪಟ್ಟಣ ಅನ್ನುವುದಿಲ್ಲ, ‘ಚನ್ನಪಟ್ಣ’ ಅನ್ನುತ್ತಾರೆ. ಚನ್ನ ಮೂರು, ಪಟ್ಣ ಮೂರು, ಉಳಿದ ಎರಡು ಮಾತ್ರೆ ಖಾಲಿ. ರಾಮ ಮೂರು, ನಗರ ಮೂರು, ಮತ್ತೆ ಎರಡು ಖಾಲಿ. ಮೂರು, ಮೂರು, ಎರಡು. ಪಾಪ್ ಸಂಗೀತ ಕೇಳುವವರಿಗೆ ಈ ಲೆಕ್ಕ ಚೆನ್ನಾಗಿ ಗೊತ್ತು, ಪ್ರಪಂಚದ ಅರ್ಧ ಕುಣಿತದ ಹಾಡುಗಳು ನಿಂತಿರುವುದು ಈ ಮೂರು-ಮೂರು-ಎರಡರ ಮೇಲೇ. ಆ ಖಾಲಿ ಎರಡು ಮಾತ್ರೆಯಲ್ಲಿ ಗಿಟಾರ್ ಎರಡು ಸಲ ‘ಚಿಂಗ್ ಚಿಂಗ್’ ಅನ್ನುತ್ತದೆ, ಅಷ್ಟೇ ನಮ್ಮ ಪಲ್ಲವಿ. ಸ್ನೇರ್ (ಚಟ್ ಅನ್ನುವ ಡ್ರಮ್) ಬೀಳುವುದು ಮೂರನೇ ಮತ್ತು ಏಳನೇ ಮಾತ್ರೆಗೆ, ‘ಮದ್ದೂರು’ ಶುರುವಾಗುವುದು ನಾಲ್ಕಕ್ಕೆ. ಸ್ನೇರ್‌ನ ಬೆನ್ನಿಗೇ ಪದ ಬಂದು ಬೀಳುತ್ತದೆ, ಯಾರೋ ಹಿಂದಿನಿಂದ ತಳ್ಳಿದ ಹಾಗೆ. ಜನರಲ್ ಬೋಗಿಯಲ್ಲಿ ಮದ್ದೂರಿನಲ್ಲಿ ಹತ್ತಿದವರು ತಳ್ಳುವುದೂ ಹಾಗೇ.

ಚರಣಕ್ಕೆ ಇನ್ನೊಂದು ಹಳೇ ಸಾಮಾನು ಕೈಗೆ ಬಂತು, ದ್ವಿತೀಯಾಕ್ಷರ ಪ್ರಾಸ. ಇಂಗ್ಲಿಷ್ ಪಾಪ್ ಹಾಡುಗಳಲ್ಲಿ ಪ್ರಾಸ ಇರುವುದು ಸಾಲಿನ ಕೊನೆಯಲ್ಲಿ. ನಾನೂ ಮೊದಲು ಹಾಗೇ ಬರೆದೆ, ಬಾಯಲ್ಲಿ ಹೊರಳಿಸಿದರೆ ಸಿನಿಮಾ ಹಾಡಿನ ಹಾಗೆ ಮೆತ್ತಗಿತ್ತು. ಆಮೇಲೆ ಹಳಗನ್ನಡದವರ ಹಾಗೆ ಪ್ರಾಸವನ್ನು ಸಾಲಿನ ಶುರುವಿಗೆ, ಎರಡನೇ ಅಕ್ಷರಕ್ಕೆ ತಂದೆ.

ಹತ್ತೋಕೆ ಜಾಗ ಇಲ್ಲ,
ಮತ್ತೊಂದು ಬಂಡಿ ಇಲ್ಲ,
ಸುತ್ತೆಲ್ಲ ನಿದ್ದೆಗಣ್ಣು.

ಪ್ರತಿ ಸಾಲಿನಲ್ಲೂ ಮೊದಲ ಬೀಟಿಗೇ ‘ತ್ತ’ ಸಿಡಿಯುತ್ತದೆ. ಡ್ರಮ್ಸ್‌ನವನಿಗೆ ಪ್ರಾಸ ಗೀಸ ಏನೂ ಗೊತ್ತಿಲ್ಲ, ಆದರೆ ಕೇಳಿದ ತಕ್ಷಣ ಅವನ ಬಲಗಾಲು ಕಿಕ್ ಡ್ರಮ್ಮನ್ನು ಸರಿಯಾಗಿ ಆ ‘ತ್ತ’ದ ಮೇಲೇ ಹಾಕಿತು. ಸಾವಿರ ವರ್ಷದ ಹಿಂದಿನವರು ನಮ್ಮಂಥವರಿಗೆ ಅಂತಲೇ ಇಟ್ಟುಹೋದ ಹಾಗಿತ್ತು.

ಇನ್ನು ಮನೆ ಖಾಲಿ ಮಾಡುವ ಹಾಡು. ಅದು ನನ್ನದೇ ಕತೆ. ಬೆಂಗಳೂರಿನಲ್ಲಿ ಐದು ವರ್ಷ ಇದ್ದ ಬಾಡಿಗೆ ಮನೆ ಬಿಟ್ಟು ಮೈಸೂರಿಗೆ ಬಂದ ದಿನ. ಛೋಟಾ ಹಾತಿಯಲ್ಲಿ ಸಾಮಾನು ತುಂಬಿ ಆಗಿತ್ತು. ಮನೆ ಮಾಲೀಕರು ಅಡ್ವಾನ್ಸಿನಲ್ಲಿ ಒಂದು ತಿಂಗಳ ಬಾಡಿಗೆಯನ್ನು ಪೇಂಟಿಂಗ್ ಅಂತ ಮುರಿದುಕೊಂಡು ಉಳಿದದ್ದು ಕೊಟ್ಟರು. ಬೆಂಗಳೂರಿನಲ್ಲಿದ್ದವರಿಗೆ ಇದು ಹೊಸದಲ್ಲ. ಗೋಡೆಯಲ್ಲಿ ಇದ್ದದ್ದು ಮೊಳೆ ಕಿತ್ತ ಏಳು ತೂತು. ಅಷ್ಟಕ್ಕೆ ಅಷ್ಟು ದುಡ್ಡಾ ಅಂತ ಹೊಟ್ಟೆ ಉರಿಯಿತು, ಹಾಗೇ ಹಾಲು ಉಕ್ಕಿಸಿದ್ದ ಅಡುಗೆ ಕಟ್ಟೆ ನೋಡಿ ಗಂಟಲೂ ಕಟ್ಟಿತು. ಎರಡೂ ಒಟ್ಟಿಗೇ. ಹಾಡಿನಲ್ಲಿ ನನಗೆ ಬೇಕಾಗಿದ್ದದ್ದು ಆ ‘ಒಟ್ಟಿಗೇ’.

ಬಾಸ್‌ನವನು ಸಾಹಿತ್ಯ ಓದಿ, ‘ಇದನ್ನ ನಿಧಾನಕ್ಕೆ ಮಾಡೋಣ’ ಅಂದ. 92ರ ವೇಗದಲ್ಲಿ ಮಾಡಿದೆವು. ಚೆನ್ನಾಗಿಯೇ ಇತ್ತು, ಅದೇ ತೊಂದರೆ. ನಿಧಾನದ ತಾಳ, ದುಃಖದ ಮಾತು, ಕೇಳುವವನ ಹೆಗಲ ಮೇಲೆ ಕೈ ಹಾಕಿ ‘ಈಗ ಅಳು’ ಅಂದ ಹಾಗೆ. ಕೇಳುವವನಿಗೆ ಮಾಡುವುದಕ್ಕೆ ಏನೂ ಉಳಿದಿರಲಿಲ್ಲ. ಮೂರು ವಾರ ಜಗಳ ಆಡಿ 138ಕ್ಕೆ ಏರಿಸಿದೆವು. ಮಾತು ಒಂದಕ್ಷರ ಬದಲಾಯಿಸಲಿಲ್ಲ. ಪಲ್ಲವಿಯಲ್ಲಿ ‘ಪೇಂಟಿಂಗ್ ಚಾರ್ಜ್’ ಅನ್ನುವ ಪದವೇ ಮೂರು ಸಲ ಬರುತ್ತದೆ, ಜನ ಅದನ್ನು ಕೂಗಿ ಹಾಡುತ್ತಾರೆ, ಕೂಗುತ್ತಾ ಕೂಗುತ್ತಾ ಮೊಳೆ ತೂತಿನ ಸಾಲು ಬಂದಾಗ ಒಂದಿಬ್ಬರು ಸುಮ್ಮನಾಗುತ್ತಾರೆ. ವೇದಿಕೆಯ ಮೇಲಿನಿಂದ ನನಗೆ ಅದು ಕಾಣುತ್ತದೆ.

ಆ ಹಾಡಿಗೆ ಆ ಎರಡು ಭಾವ ಒಟ್ಟಿಗೆ ಬಂದದ್ದು ವೇಗದಿಂದ ಮಾತ್ರ ಅಲ್ಲ, ಕಾರ್ಡಿನಿಂದ. ಡಿ ಮೇಜರ್ ಸೆವೆಂತ್. ಹಿಡಿಯುವುದು ಸುಲಭ, ಒಂದೇ ಬೆರಳನ್ನು ಎರಡನೇ ಫ್ರೆಟ್ಟಿನಲ್ಲಿ ಕೆಳಗಿನ ಮೂರು ತಂತಿಗೆ ಅಡ್ಡ ಇಟ್ಟರೆ ಆಯಿತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಶಂಕರಾಭರಣದ ಷಡ್ಜ, ಗಾಂಧಾರ, ಪಂಚಮ, ಅದರ ಜೊತೆ ಕಾಕಲಿ ನಿಷಾದ, ನಾಲ್ಕೂ ಒಂದೇ ಸಲ. ಹಾಡುವಾಗ ಕಾಕಲಿ ನಿಷಾದ ಬಂತು ಅಂದರೆ ಮುಂದೆ ಷಡ್ಜ ಬರುತ್ತದೆ ಅಂತ ಕಿವಿ ಕಾಯುತ್ತದೆ. ಈ ಕಾರ್ಡಿನಲ್ಲಿ ಷಡ್ಜ ಆಗಲೇ ಬಂದು ಕೂತಿದೆ, ನಿಷಾದ ಬಾಗಿಲಲ್ಲೇ ನಿಂತಿದೆ, ಒಳಗೂ ಬರುವುದಿಲ್ಲ, ಹೋಗುವುದೂ ಇಲ್ಲ. ಖಾಲಿ ಮನೆಯ ಹೊಸ್ತಿಲಲ್ಲಿ ಕೀ ಹಿಡಿದು ನಿಂತವನ ಸ್ಥಿತಿಗೆ ಇದಕ್ಕಿಂತ ಸರಿಯಾದ ಕಾರ್ಡು ನನಗೆ ಗೊತ್ತಿಲ್ಲ.

ಬಿಟ್ಟು ಹೋದ ಒಂದು ಹಾಡಿನ ಬಗ್ಗೆಯೂ ಹೇಳಬೇಕು. ಒಂಬತ್ತನೆಯದು. ದಸರಾ ರಜೆ, ಬಿಸಿಲು, ಗೆಳೆಯರು, ಐಸ್‌ಕ್ಯಾಂಡಿ, ಎಲ್ಲರೂ ನಗುತ್ತಿದ್ದಾರೆ. ವೇಗ 160, ಮೇಜರ್ ಕಾರ್ಡು, ಚಪ್ಪಾಳೆ. ಎಲ್ಲ ಸರಿ ಇತ್ತು. ಕೇಳಿದರೆ ಹಲ್ಲುಜ್ಜುವ ಪೇಸ್ಟಿನ ಜಾಹೀರಾತು. ಖುಷಿಯ ಮಾತಿಗೆ ಖುಷಿಯ ಗಿಟಾರ್ ಹಾಕಿದರೆ ಎರಡೂ ಸೇರಿ ಒಂದನ್ನೊಂದು ತಿಂದುಹಾಕುತ್ತವೆ. ಅದಕ್ಕೆ ಒಂದು ಹುಳಿ ಬೇಕಿತ್ತು, ಎರಡು ತಿಂಗಳು ಹುಡುಕಿದೆ, ಸಿಗಲಿಲ್ಲ, ಬಿಟ್ಟೆ. ಖುಷಿಯದ್ದೇ ಆದ ಇನ್ನೊಂದು ಹಾಡು ಮಾತ್ರ ಉಳಿಯಿತು, ತಾರಸಿ ಮೇಲೆ ಒಣಹಾಕಿದ ಬಟ್ಟೆ, ಮಳೆ, ಓಟ. ಅದರಲ್ಲಿ ಓಡುವ ಅವಸರ ಇದೆ, ಹಾಗಾಗಿ ಬಚಾವ್ ಆಯಿತು ಅನ್ನಿಸುತ್ತದೆ. ಒಂದು ನಿಮಿಷ ಮೂವತ್ತೈದು ಸೆಕೆಂಡಿಗೆ ಅದು ಮುಗಿದೇ ಹೋಗುತ್ತದೆ.

ಸಾಮಾನುಗಳ ವಿಷಯ. ಈ ಮಿಣಮಿಣ ಸದ್ದಿನ ಮೂಲ ಹನ್ನೆರಡು ತಂತಿಯ ರಿಕನ್‌ಬ್ಯಾಕರ್ ಗಿಟಾರ್, 1965ರಲ್ಲಿ ಅಮೆರಿಕದ ‘ಬರ್ಡ್ಸ್’ ತಂಡದವರು ಅದನ್ನು ಮನೆಮಾತು ಮಾಡಿದರು. ಅದರ ಬೆಲೆ ನಮ್ಮ ಮೂವರ ಒಂದು ತಿಂಗಳ ಸಂಬಳ ಸೇರಿಸಿದರೂ ಮುಟ್ಟುವುದಿಲ್ಲ. ನಾವು ಮಾಡಿದ್ದು ಬೇರೆ. ಸೋದರಮಾವನ ಹಳೇ ಅಕೂಸ್ಟಿಕ್ ಗಿಟಾರ್ ಒಂದಿತ್ತು, ಕುತ್ತಿಗೆ ಸ್ವಲ್ಪ ಬಾಗಿದೆ, ಮಾಮೂಲಿ ತಂತಿ ಹಾಕಿದರೆ ಒತ್ತಲು ಆಗುವುದಿಲ್ಲ. ಹನ್ನೆರಡು ತಂತಿಯ ಒಂದು ಸೆಟ್ ತಂದು, ಅದರಲ್ಲಿ ಬರುವ ತೆಳು ತಂತಿಗಳನ್ನು ಮಾತ್ರ ಆರಿಸಿ, ದಪ್ಪ ತಂತಿಗಳ ಜಾಗಕ್ಕೆ ಹಾಕಿದೆ. ದಪ್ಪ ನಾಲ್ಕು ತಂತಿಗಳು ಒಂದು ಸ್ಥಾಯಿ ಮೇಲೆ ಹೋಗುತ್ತವೆ, ಕೊನೆಯ ಎರಡು ಇದ್ದ ಹಾಗೇ ಇರುತ್ತವೆ. ಇದಕ್ಕೆ ನ್ಯಾಶ್‌ವಿಲ್ ಟ್ಯೂನಿಂಗ್ ಅನ್ನುತ್ತಾರೆ. ಎಲೆಕ್ಟ್ರಿಕ್ ಗಿಟಾರಿನಲ್ಲಿ ಒಂದು ಸಲ ನುಡಿಸಿ, ಅದರ ಮೇಲೆ ಇದರಲ್ಲಿ ಅದೇ ಕಾರ್ಡುಗಳನ್ನು ಇನ್ನೊಂದು ಸಲ ನುಡಿಸಿ, ಒಂದನ್ನು ಎಡಕಿವಿಗೆ ಒಂದನ್ನು ಬಲಕಿವಿಗೆ ಹಾಕಿದರೆ ಹನ್ನೆರಡು ತಂತಿ ತಯಾರ್. ಒಂದೇ ಎಚ್ಚರಿಕೆ: ಮೂರನೇ ತಂತಿ, ಅದು ಈಗ ಎಲ್ಲಕ್ಕಿಂತ ಎತ್ತರದ ಸ್ವರ, ಕೂದಲಿನಷ್ಟು ತೆಳು. ಶ್ರುತಿ ಮಾಡುವಾಗ ಮುಖ ಪಕ್ಕಕ್ಕೆ ಇಟ್ಟುಕೊಳ್ಳಿ. ನಾನು ನಾಲ್ಕು ತುಂಡು ಮಾಡಿದ್ದೇನೆ, ಒಂದು ಸಲ ಕೆನ್ನೆಗೆ ಸರಿಯಾಗಿ ಬಿತ್ತು.

ತಂಬೂರಿನ್ ಕೊಳ್ಳಲಿಲ್ಲ. ಅಮ್ಮನ ಭಜನೆ ಮಂಡಳಿಯ ತಾಳ ಮತ್ತು ಅಕ್ಕನ ಭರತನಾಟ್ಯದ ಹಳೇ ಗೆಜ್ಜೆ. ಗೆಜ್ಜೆಯನ್ನು ಮಡಿಲಲ್ಲಿ ಇಟ್ಟುಕೊಂಡು ಅಂಗೈಯಿಂದ ತಟ್ಟಿದರೆ ತಂಬೂರಿನ್‌ಗಿಂತ ಮೆತ್ತಗೆ, ಮೈಕಿಗೆ ಹಿತವಾಗಿ ಬರುತ್ತದೆ.

ಮನೆಯಲ್ಲಿ ರೆಕಾರ್ಡ್ ಮಾಡುವುದು ಅಂದರೆ ಸದ್ದುಗಳ ಜೊತೆ ಸಂಧಾನ. ಫ್ಯಾನ್ ಆಫ್, ಕಿಟಕಿ ಬಂದ್, ಹಾಸಿಗೆ ಗೋಡೆಗೆ ಒರಗಿಸಿ ನಿಲ್ಲಿಸಿದ್ದು, ಏಪ್ರಿಲ್ ತಿಂಗಳು, ಬೆವರು ಪಿಕ್ಕಿನ ಮೇಲೆ. ಕೆಳಗಿನ ಮನೆಯ ಆಂಟಿ ಒಂದು ದಿನ ಮೇಲೆ ಬಂದರು. ಗಿಟಾರ್ ಜೋರಾಯಿತೇನೋ ಅಂತ ನಾನು ಕ್ಷಮೆ ಕೇಳಲು ಬಾಯಿ ತೆಗೆದೆ. ‘ಹಾಡ್ಕೋಪ್ಪಾ, ಪರವಾಗಿಲ್ಲ, ಹಾಡು ಚೆನ್ನಾಗಿದೆ. ಆ ಕಾಲು ಕುಟ್ಟೋದು ಒಂದು ನಿಲ್ಸು. ನಮ್ಮನೇವ್ರಿಗೆ ಮಧ್ಯಾಹ್ನ ನಿದ್ದೇನೇ ಇಲ್ಲ.’ ಅವತ್ತಿನಿಂದ ಕಾಲ ಕೆಳಗೆ ನಾಲ್ಕು ಮಡಿಕೆ ಕಂಬಳಿ.

ಇನ್ನೊಂದು ಪೀಡೆ ಯುಪಿಎಸ್. ನನ್ನ ಎಲೆಕ್ಟ್ರಿಕ್ ಗಿಟಾರಿನ ಪಿಕಪ್‌ಗಳು (ತಂತಿಯ ಕಂಪನ ಹಿಡಿಯುವ ಭಾಗಗಳು) ಸಿಂಗಲ್ ಕಾಯಿಲ್, ಒಂದೇ ಸುರುಳಿಯವು. ಸದ್ದು ಚುರುಕಾಗಿ ಬರುವುದು ಅವುಗಳಿಂದಲೇ. ಆದರೆ ಮನೆಯ ಕರೆಂಟಿನ 50 ಹರ್ಟ್ಸ್ ಗುಂಯ್ ಅನ್ನುವುದನ್ನೂ ಅವು ಹೀರಿಕೊಳ್ಳುತ್ತವೆ. ಯುಪಿಎಸ್ ಇದ್ದ ಗೋಡೆಗೆ ಮುಖ ಮಾಡಿ ಕೂತರೆ ಜೇನುಗೂಡು, ಕುರ್ಚಿ ತಿರುಗಿಸಿ ಕಾಲು ಸುತ್ತು ಪಕ್ಕಕ್ಕೆ ಕೂತರೆ ಅರ್ಧಕ್ಕರ್ಧ ಕಡಿಮೆ. ಅದೂ ಸಾಲದು ಅಂತ ಕೊನೆಗೆ ರೆಕಾರ್ಡ್ ಮಾಡುವಾಗಲೆಲ್ಲ ಯುಪಿಎಸ್ಸನ್ನೇ ಆಫ್ ಮಾಡಲು ಶುರು ಮಾಡಿದೆ. ಇದು ಮುಂದೆ ಕೈ ಕೊಟ್ಟಿತು.

ಡ್ರಮ್ಸ್ ಮನೆಯಲ್ಲಿ ಆಗುವ ಮಾತಲ್ಲ. ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಒಂದು ಜ್ಯಾಮ್ ರೂಮಿನಲ್ಲಿ ಮಾಡಿದೆವು. ಎರಡು ದಿನದಲ್ಲಿ ಏಳು ಹಾಡು ಮುಗಿಸಿ ಖುಷಿಯಾಗಿ ದೋಸೆ ತಿಂದು ಬಂದರೆ, ಮಾರನೇ ದಿನ ಅವರ ಕಂಪ್ಯೂಟರ್ ಕೆಟ್ಟು ಮೂರು ಹಾಡಿನ ಡ್ರಮ್ಸ್ ಹೋಗಿತ್ತು. ನಾವು ಪೆನ್‌ಡ್ರೈವ್ ತೆಗೆದುಕೊಂಡು ಹೋಗಿದ್ದೆವು, ಜೇಬಿನಲ್ಲೇ ಇತ್ತು, ಕಾಪಿ ಮಾಡಿಕೊಳ್ಳಲಿಲ್ಲ. ಯಾರನ್ನು ಬೈಯುವುದು? ಅಷ್ಟು ಹೊತ್ತಿಗೆ ಆಷಾಢ ಮುಗಿಯುತ್ತಾ ಬಂದಿತ್ತು. ಒಂದು ಸಂಜೆ ಸಿಕ್ಕಿತು, ಡ್ರಮ್ಸ್‌ನವನು ಹಿಂದಿನ ರಾತ್ರಿ ಎಲ್ಲೋ ಒಂದು ಕಾರ್ಯಕ್ರಮ ಮುಗಿಸಿ ನಿದ್ದೆಗೆಟ್ಟು ಬಂದಿದ್ದ. ಮಾತು ಬಿಟ್ಟ ಗೆಳೆಯರ ಹಾಡು ಮೊದಲು 152ರಲ್ಲಿ ಇತ್ತು, ಅವತ್ತು ಅವನ ಕೈ ಸೋತಿತ್ತು, 148ಕ್ಕೆ ಇಳಿಸಿದೆವು. ನಾಲ್ಕು ಅಂಕಿ ಏನು ಮಹಾ ಅನ್ನಿಸಬಹುದು. ನನಗೆ ಈಗಲೂ ಆ ಹಾಡು ಕೇಳಿದರೆ ಚಪ್ಪಲಿಯಲ್ಲಿ ಕಲ್ಲು ಸಿಕ್ಕ ಹಾಗಾಗುತ್ತದೆ. ಬೇರೆಯವರು ಯಾರೂ ಹೇಳಿಲ್ಲ, ಆದರೆ ನನಗೆ ಗೊತ್ತು.

ಮಿಕ್ಸಿಂಗ್ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಅದು ಬೇರೆಯೇ ಪುರಾಣ. ಒಂದು ಮಾತ್ರ. ನಾನು ಅಷ್ಟು ಕಷ್ಟ ಪಟ್ಟು ತಂದ ‘ತ್ತ’, ‘ಚ್ಚ’, ‘ಟ್ಣ’ಗಳು ಮತ್ತು ತೆಳು ಪಿಕ್ಕಿನ ಟಕಟಕ, ಎರಡೂ ಹೆಚ್ಚುಕಡಿಮೆ ಒಂದೇ ಜಾಗದಲ್ಲಿ, 3ರಿಂದ 5 ಕಿಲೋಹರ್ಟ್ಸ್ ಆಸುಪಾಸಿನಲ್ಲಿ ಕೂರುತ್ತವೆ. ಗಿಟಾರ್ ಜೋರಾದರೆ ಒತ್ತಕ್ಷರ ಮುಳುಗುತ್ತದೆ, ‘ಹತ್ತೋಕೆ’ ಅನ್ನುವುದು ‘ಹತೋಕೆ’ ಅಂತ ಕೇಳುತ್ತದೆ. ಹಾಡು ಇರುವ ಕಡೆ ಮಾತ್ರ ಗಿಟಾರಿನ ಆ ಭಾಗವನ್ನು ಎರಡು ಡೆಸಿಬಲ್ ಇಳಿಸಿದೆ, ಹಾಡು ಇಲ್ಲದ ಕಡೆ ವಾಪಸ್ ಏರಿಸಿದೆ. ಪರೀಕ್ಷೆ ಮಾಡಿದ್ದು ಫೋನಿನ ಸ್ಪೀಕರಿನಲ್ಲಿ, ಮತ್ತೆ ಗೆಳೆಯನ ಮಾರುತಿ ಕಾರಿನಲ್ಲಿ ಕಿಟಕಿ ಇಳಿಸಿಕೊಂಡು ರಿಂಗ್ ರೋಡಿನಲ್ಲಿ.

ಹಾಡುಗಳನ್ನು ಯಾವ ಕ್ರಮದಲ್ಲಿ ಇಡುವುದು ಅಂತಲೂ ತಲೆ ಕೆಡಿಸಿಕೊಂಡೆವು. ಈಗ ಯಾರೂ ಕ್ರಮವಾಗಿ ಕೇಳುವುದಿಲ್ಲ ಅಂತ ಡ್ರಮ್ಸ್‌ನವನು. ನನಗೆ ಕ್ಯಾಸೆಟ್ಟಿನ ಚಟ, ಎ ಬದಿ ನಾಲ್ಕು, ಬಿ ಬದಿ ನಾಲ್ಕು ಅಂತಲೇ ಯೋಚನೆ. ಎಲ್ಲಕ್ಕಿಂತ ಜೋರಿನ ರೈಲನ್ನು ಮೊದಲು ಇಡದೆ ಎರಡನೆಯದಾಗಿ ಇಟ್ಟೆವು, ಮೊದಲ ಹಾಡಿಗೆ ಕಿವಿ ಹೊಂದಿಕೊಳ್ಳಲಿ ಅಂತ. ಮನೆ ಖಾಲಿ ಹಾಡು ಎ ಬದಿಯ ಕೊನೆಗೆ. ಬಿ ಬದಿಯಲ್ಲಿ ಒಂದೇ ಒಂದು ನಿಧಾನದ್ದು, ಆರನೆಯದು, ಭಾನುವಾರ ಮಧ್ಯಾಹ್ನದ ಮಂಪರು. ಅದು ಇಲ್ಲದಿದ್ದರೆ ಏಳನೆಯದರ ಓಟ ಓಟ ಅನ್ನಿಸುತ್ತಿರಲಿಲ್ಲ. ಒಟ್ಟು ಇಪ್ಪತ್ತಾರು ನಿಮಿಷ ಚಿಲ್ಲರೆ.

ಕೊನೆಯ ಹಾಡು ಮುಗಿದ ರೀತಿ ಮಾತ್ರ ನಾವು ಯೋಚಿಸಿದ್ದಲ್ಲ. ಊರಿಗೆ ವಾಪಸ್ ಬಂದವನ ಹಾಡು ಅದು. ಅದೊಂದನ್ನು ಮಾತ್ರ ಆಂಪ್ಲಿಫೈಯರ್ ಮುಂದೆ ಒಂದೇ ಮೈಕ್ ಇಟ್ಟು, ಗಿಟಾರ್, ಹಾಡು ಎರಡನ್ನೂ ಒಟ್ಟಿಗೇ ತೆಗೆಯುತ್ತಿದ್ದೆ. ಆರನೇ ಟೇಕ್, ಎಲ್ಲ ಸರಿ ಬರುತ್ತಿತ್ತು, ಕೊನೆಯ ಪಲ್ಲವಿಯ ಎರಡನೇ ಸಾಲು, ಟಕ್, ಕರೆಂಟು ಹೋಯಿತು. ಯುಪಿಎಸ್ ನಾನೇ ಆಫ್ ಮಾಡಿದ್ದೆನಲ್ಲ. ಆಂಪ್ಲಿಫೈಯರ್ ಸತ್ತಿತು. ಲ್ಯಾಪ್‌ಟಾಪ್ ಮಾತ್ರ ಬ್ಯಾಟರಿ ಮೇಲೆ ರೆಕಾರ್ಡ್ ಮಾಡುತ್ತಲೇ ಇತ್ತು. ಕೈ ನಿಲ್ಲಿಸುವುದು ಮರೆತು ನಾನು ಆ ಸಾಲು ಪೂರ್ತಿ ಹಾಡಿದ್ದೇನೆ. ಮೈಕಿನಲ್ಲಿ ಸಿಕ್ಕಿರುವುದು ನನ್ನ ಬರೀ ದನಿ, ಜೀವ ಇಲ್ಲದ ಎಲೆಕ್ಟ್ರಿಕ್ ಗಿಟಾರಿನ ಒಣ ತಂತಿಗಳ ಟಿಣ್ ಟಿಣ್, ಕಂಬಳಿ ಮೇಲೆ ಕಾಲಿನ ಮೆತ್ತನೆ ಸದ್ದು, ಕೆಳಗಡೆ ಆಂಟಿ ‘ಕರೆಂಟ್ ಹೋಯ್ತಾ?’ ಅಂತ ಯಾರನ್ನೋ ಕೇಳಿದ್ದು, ಆಮೇಲೆ ನಾನು ‘ಥತ್’ ಅಂದದ್ದು. ಆ ‘ಥತ್’ ಇಟ್ಟುಕೊಳ್ಳಬೇಕಾ ತೆಗೆಯಬೇಕಾ ಅಂತ ಒಂದು ವಾರ ಜಗಳ ಆಯಿತು. ತೆಗೆದೆವು. ಆಂಟಿಯನ್ನು ಹಾಗೇ ಬಿಟ್ಟೆವು, ಅವರನ್ನು ಕೇಳಿಯೇ.